ಸರಸ್ವತಿಯ ಗುಡಿಯನ್ನು ಕಾಣಹೋದುದು

ನಮ್ಮ ಕೋಡಿಬಾಗವು ಕಾರವಾರದ ಉತ್ತರದ ಅಂಚಿನಲ್ಲಿ, ಕಾಳೀನದಿಯು ಅರಬ್ಬೀ ಸಮುದ್ರವನ್ನು ಕೂಡುವ ಸ್ಥಳದಲ್ಲಿ ಇರುವದು. ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು, ನಡುವೆ ತೆಂಗಿನ ಹಿತ್ತಲುಗಳು. ಆಚೆಯ ದಡದಲ್ಲಿ ಸದಾಶಿವಗಡದ ಗುಡ್ಡ. ಇಂಥ ಸೀಮೆಯಲ್ಲಿ ದೇವತೆಗಳಿಗೆ ಕೊರತೆಯಿಲ್ಲ. ಗಡದ ಮೇಲೆ ದುರ್ಗೆಯಿರುವಳು. ಅಂಕೋಲೆಯಲ್ಲಿ ಶಾಂತಾದುರ್ಗೆಯಿರುವಳು, ಆಕೆಯ ಬಂಡಿಹಬ್ಬಕ್ಕೆ ಸುತ್ತಲಿನ ಊರುಗಳೆಲ್ಲ ನೆರೆಯುವವು. ಬಲೆ ಬೀಸುವವರು ಒಬ್ಬಳಿಗೆ, ಗದ್ದೆ ಮಾಡುವವರು ಇನ್ನೊಬ್ಬಳಿಗೆ, ಮಗುವಿಗೆ ಜ್ವರ ಬಂದವರು ಮತ್ತೊಬ್ಬಳಿಗೆ ಹರಕೆ ಹೊರುವರು. ಆದರೆ ಸರಸ್ವತಿಯ ಗುಡಿಗೆಂದು ಚಿಕ್ಕಂದಿನಲ್ಲಿ ಯಾರೂ ನಮ್ಮ ಕೈಹಿಡಿದು ಕರೆದುಕೊಂಡು ಹೋದದ್ದಿಲ್ಲ. ಇದಕ್ಕೆ ಕಾರಣವನ್ನು ನಾವು ಅಂದೇ ತರ್ಕಿಸಿದ್ದೆವು. ಆ ದೇವಿಯು ಯಾರ ದೋಣಿಯನ್ನೂ ಮುಳುಗಿಸುವವಳಲ್ಲ, ಯಾರಿಗೂ ಸಿಡುಬು ತರುವವಳಲ್ಲ. ಹೆದರಿಕೆಯಿಲ್ಲದ ಕಡೆಯಲ್ಲಿ ಜನರು ಕಲ್ಲು ಮಣ್ಣಿಗೆ ಹಣ ಸುರಿಯುವದು ಕಡಿಮೆ.

ಹೀಗೆಂದು ಆಕೆಯು ನಮ್ಮ ಕರಾವಳಿಗೆ ಪರಕೀಯಳೇನೂ ಅಲ್ಲ. ಇಲ್ಲಿಯ ಸಾರಸ್ವತ ಮನೆತನಗಳವರು ತಮ್ಮ ಹೆಸರನ್ನೇ ಸರಸ್ವತೀ ನದಿಯಿಂದ ಪಡೆದವರು. ತಮ್ಮ ಹಿರಿಯರು ಆ ನದಿಯ ದಂಡೆಯಿಂದ ಬಂದವರೆಂದು ಹೇಳಿಕೊಳ್ಳುವವರು. ಋಗ್ವೇದದಲ್ಲಿ ಸರಸ್ವತಿಯು ಮೊದಲಿಗೆ ಹರಿಯುವ ನೀರು. ಮುಂದೆ ಬ್ರಾಹ್ಮಣ ಗ್ರಂಥಗಳ ಕಾಲಕ್ಕೆ ವಾಕ್ಕಿನೊಡನೆ ಒಂದಾಗಿ ಮಾತಿನ ದೇವಿಯಾದಳು. ಬೌದ್ಧರೊಡನೆ ಸಮುದ್ರ ದಾಟಿ ಜಪಾನಿನವರೆಗೆ ಹೋಗಿ ಬೆಂಜಾಯ್‌ಟೆನ್ ಎಂಬ ಹೆಸರಿನಿಂದ ಪೂಜೆಗೊಳ್ಳುತ್ತಿರುವಳು. ಅಲ್ಲಿ ಆಕೆಯ ಗುಡಿಗಳು ಹೆಚ್ಚಾಗಿ ಕೆರೆಯ ನಡುವೆ, ಕಡಲಿನ ದ್ವೀಪದಲ್ಲಿ, ನೀರಿನ ಹತ್ತಿರವೇ ಇರುವವು. ಜೈನರಲ್ಲಿ ಆಕೆಯು ಶ್ರುತದೇವತೆ. ಇಷ್ಟು ದೂರ ನಡೆದವಳು ನಮ್ಮ ಹೊಳೆಯ ಬಾಯಲ್ಲಿ ಒಂದು ಗುಡಿಯನ್ನು ಕಟ್ಟಿಸಿಕೊಳ್ಳದೆ ಹೋದಳೆಂಬುದು ನಮ್ಮ ಬಾಲ್ಯದ ಒಂದು ಸಣ್ಣ ಕೊರಗಾಗಿತ್ತು.

ಆಕೆಯು ನಮ್ಮಲ್ಲಿಗೆ ವರ್ಷಕ್ಕೊಮ್ಮೆ ಬರುವವಳು. ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಆವಾಹನೆ, ಶ್ರವಣ ನಕ್ಷತ್ರದ ದಿನ ವಿಸರ್ಜನೆ. ಆ ದಿನಗಳಲ್ಲಿ ಮನೆಯ ಪುಸ್ತಕಗಳೆಲ್ಲವನ್ನು ಒಂದು ಮಣೆಯ ಮೇಲೆ ಒಟ್ಟಿ, ಮೇಲೆ ಮಡಿವಸ್ತ್ರ ಹೊದಿಸಿ, ಹೂವು ಏರಿಸುವರು. ನಮ್ಮ ಮನೆಗಳಲ್ಲಿ ಮಾತು ಕೊಂಕಣಿ, ಶಾಲೆಯಲ್ಲಿ ಕನ್ನಡ, ಭಜನೆ ಕೀರ್ತನೆಗಳು ಅರ್ಧಕ್ಕರ್ಧ ಮರಾಠಿ. ಆದುದರಿಂದ ಮಣೆಯ ಮೇಲೆ ಮೂರು ಭಾಷೆಗಳ ಪುಸ್ತಕಗಳು ಒಂದರ ಮೇಲೊಂದು ಕೂಡ್ರುತ್ತಿದ್ದವು. ಚಿಕ್ಕವರಾದ ನಾವು ಮರಾಠೀ ನಾಡಿನ ಪದ್ಧತಿಯಂತೆ ಪಾಟಿಯ ಮೇಲೆ ಸರಸ್ವತಿಯನ್ನು ಬರೆಯುತ್ತಿದ್ದೆವು. ಅದರಲ್ಲಿ ಕಣ್ಣು ಮೂಗುಗಳಿಲ್ಲ, ವೀಣೆಯಿಲ್ಲ, ಹಂಸವಿಲ್ಲ. ಬಾಲಬೋಧ ಲಿಪಿಯ ಒಂದರ ಅಂಕಿಯನ್ನು ಸಾಲುಸಾಲಾಗಿ ಕೂಡಿಸಿ ಬರೆದ ಮುಕ್ಕೋನಗಳ ಒಂದು ಆಕೃತಿ, ಅಷ್ಟೇ. ಒಂದರ ಅಂಕಿಯನ್ನು ಬರೆಯಲು ಬಂದವರೆಲ್ಲರೂ ದೇವಿಯನ್ನು ಬರೆಯಬಲ್ಲವರಾಗುತ್ತಿದ್ದರು. ಶಿಲ್ಪಿಯ ಹಂಗಿಲ್ಲದ ಇಂಥ ಮೂರ್ತಿಯನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಆ ದಿನಗಳ ದೊಡ್ಡ ನಿಯಮವೇನಂದರೆ, ಮಣೆಯ ಮೇಲಿಟ್ಟ ಪುಸ್ತಕವನ್ನು ಯಾರೂ ತೆರೆಯತಕ್ಕದ್ದಲ್ಲ, ಓದತಕ್ಕದ್ದಲ್ಲ, ಬರೆಯತಕ್ಕದ್ದಲ್ಲ. ಬಾಲಿ ದ್ವೀಪದ ಹಿಂದುಗಳಲ್ಲಿಯೂ ಇದೇ ವಾಡಿಕೆಯುಂಟು. ಅವರು 210 ದಿನಗಳಿಗೊಮ್ಮೆ ಬರುವ ಸರಸ್ವತಿಯ ದಿನದಂದು ತಾಳೆಗರಿಯ ಗ್ರಂಥಗಳಿಗೂ ಅಚ್ಚಿನ ಪುಸ್ತಕಗಳಿಗೂ ನೈವೇದ್ಯ ತೋರಿಸಿ, ಪೂಜೆ ಮುಗಿಯುವವರೆಗೆ ಓದು ಬರಹಗಳನ್ನು ನಿಲ್ಲಿಸುವರು. ಹುಡುಗಿಯರಾದ ನಮಗೆ ಈ ನಿಯಮವು ಬಹು ಪ್ರಿಯವಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ದೇವರೇ ಕೊಟ್ಟ ರಜೆಯನ್ನು ಯಾವ ಮಾಸ್ತರರು ತಾನೇ ಕಸಿದುಕೊಳ್ಳಬಲ್ಲರು!

ಈ ಪೂಜೆಯ ಮುಂದಾಳು ನಮ್ಮ ಅಜ್ಜಿಯಾಗಿದ್ದರು. ಅವರು ನಮ್ಮ ನಾಲ್ವರಲ್ಲಿ ಒಬ್ಬಳ ಸ್ವಂತ ಅಜ್ಜಿ. ಉಳಿದ ಮೂವರಿಗೆ ನೆರೆಮನೆಯವರು. ಆದರೆ ನಾಲ್ವರಿಗೂ ಅವರು ಅಜ್ಜಿಯೇ. ಪುಸ್ತಕಗಳ ಧೂಳನ್ನು ಸೆರಗಿನಿಂದ ಒರಸಿ, ಒಂದೊಂದನ್ನೂ ಹಣೆಗೆ ಮುಟ್ಟಿಸಿ, ಮುಖಪುಟಕ್ಕೆ ಅರಿಶಿನ ಕುಂಕುಮಗಳನ್ನಿಡುವ ಅವರ ಭಕ್ತಿಯನ್ನು ನೋಡಿದ ಯಾರೂ ಆ ಪುಸ್ತಕಗಳಲ್ಲಿ ಒಂದಕ್ಷರವನ್ನಾದರೂ ಅವರು ಓದಲಾರರೆಂದು ನಂಬುತ್ತಿರಲಿಲ್ಲ. ಬುದ್ಧಿಗೆ ಅವರಲ್ಲಿ ಕಡಿಮೆಯಿರಲಿಲ್ಲ. ಸಾವಿರ ತೆಂಗಿನಕಾಯಿಗಳ ಲೆಕ್ಕವನ್ನು ಬೆರಳ ಗೆಣ್ಣುಗಳ ಮೇಲೆ ಹಿಡಿಯುತ್ತಿದ್ದರು. ಒಮ್ಮೆ ಕೇಳಿದ ಕೀರ್ತನೆಯು ಅವರ ಬಾಯಿಂದ ಮರುವರ್ಷವೂ ತಪ್ಪಿಲ್ಲದೆ ಬರುತ್ತಿತ್ತು. ಅವರು ಹುಡುಗಿಯಾಗಿದ್ದಾಗ ಅಣ್ಣಂದಿರಿಗೆ ಅಕ್ಷರಾಭ್ಯಾಸವಾಯಿತು. ಅಕ್ಕಿ ಹರವಿದ ಹರಿವಾಣವನ್ನು ಹಿಡಿದುಕೊಂಡು ನಿಲ್ಲುವ ಕೆಲಸ ತಮಗೆ ಬಂದಿತೆಂದು ಅವರೇ ನಗುತ್ತ ಹೇಳುತ್ತಿದ್ದರು.

ನಗದೆ ಹೇಳಿದ ಸಂಗತಿಯು ಒಂದಿತ್ತು. ಅವರ ಯಜಮಾನರು ತೀರಿಹೋದ ಮೇಲೆ ಮಗಳ ಲಗ್ನಕ್ಕಾಗಿ ಅವರು ಒಬ್ಬ ಸಾವುಕಾರನಲ್ಲಿ ಸಾಲ ತೆಗೆದರು. ಹೊಳೆಯ ಕಡೆಯ ತೆಂಗಿನ ಹಿತ್ತಲನ್ನು ಅಡವು ಇಡುವದೆಂದು ಮಾತಾಗಿತ್ತು. ಕಚೇರಿಯಲ್ಲಿ ಯಾರೋ ಕಾಗದವನ್ನು ಗಡಬಡಿಸಿ ಓದಿದರು. ಇವರು ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಂಡು ಎಡಗೈಯ ಹೆಬ್ಬೆರಳನ್ನು ಒತ್ತಿ ಬಂದರು. ಮೂರನೆಯ ವರ್ಷ ಬಡ್ಡಿ ಸಮೇತ ಹಣವನ್ನು ಕೂಡಿಸಿ ಬಿಡಿಸಿಕೊಳ್ಳಲು ಹೋದಾಗ, ಅದು ಅಡವಿನ ಪತ್ರವಲ್ಲ, ಖರೇದಿ ಪತ್ರವೆಂದು ತಿಳಿಯಿತು. ಕೋರ್ಟಿಗೆ ಹೋಗೋಣವೆಂದರೆ ಕಾಗದದ ಮೇಲೆ ತಮ್ಮದೇ ಹೆಬ್ಬೆರಳು. ಅವರು ಒತ್ತಿದ ಆ ಕಾಗದದ ಒಂದು ಪ್ರತಿಯು ತಗಡಿನ ಪೆಟ್ಟಿಗೆಯ ತಳದಲ್ಲಿ, ರೇಷ್ಮೆ ಸೀರೆಯ ಕೆಳಗೆ, ನಾವು ಹುಟ್ಟುವ ಮೊದಲಿನಿಂದಲೂ ಇದ್ದಿತು. ವರ್ಷವರ್ಷವೂ ವಿದ್ಯಾದೇವಿಯ ಪುಸ್ತಕಗಳಿಗೆ ಕುಂಕುಮವಿಟ್ಟ ಮನೆಯ ಹಿತ್ತಲು ಹೀಗೆ ಒಂದೇ ಶಬ್ದದ ದೆಸೆಯಿಂದ ಹೋಯಿತು.

ನಾವು ಬೋರ್ಡಿಂಗಿನಲ್ಲಿದ್ದು ಶಾಲೆಗೆ ಹೋಗತೊಡಗಿದ ಮೇಲಿನ ಮಾತು. ದಸರೆಯ ರಜೆಯಲ್ಲಿ ನಮ್ಮ ಪಾಠದ ಪುಸ್ತಕಗಳನ್ನೂ, ಬಹುಮಾನವಾಗಿ ಬಂದಿದ್ದ ಒಂದು ಬೈಬಲಿನ ಕಥೆಗಳ ಪುಸ್ತಕವನ್ನೂ ಅಜ್ಜಿಯು ಮಣೆಯ ಮೇಲಿಟ್ಟು, ಭೇದವೆಣಿಸದೆ ಎಲ್ಲಕ್ಕೂ ಕುಂಕುಮವಿಟ್ಟರು. ಶಾಲೆ ತೆರೆದಾಗ ನಮ್ಮ ಬಾಯಿಯವರು ಆ ಕಥೆಯ ಪುಸ್ತಕವನ್ನು ಕೈಗೆತ್ತಿಕೊಂಡರು. ಕೆಂಪು ಬೊಟ್ಟನ್ನು ನೋಡಿ ಏನೆನ್ನುವರೋ ಎಂದು ನಾವು ಉಸಿರು ಬಿಗಿಹಿಡಿದೆವು.

"ಇದನ್ನು ಇಟ್ಟವರು ಯಾರು?" ಎಂದು ಕೇಳಿದರು.

"ಅಜ್ಜಿ, ಬಾಯಿಯವರೇ."

"ಅವರಿಗೆ ಓದಲು ಬರುವದೋ?"

"ಇಲ್ಲ."

ಬಾಯಿಯವರು ಸ್ವಲ್ಪ ಹೊತ್ತು ಪುಸ್ತಕವನ್ನು ತಿರುವಿಹಾಕುತ್ತ ನಿಂತರು. ಬಳಿಕ, "ನಾತಾಳದ ರಜೆಯು ಎಷ್ಟು ದಿನವೆಂಬುದು ನಿಮಗೆ ಗೊತ್ತಷ್ಟೆ? ಪ್ರತಿದಿನ ಎರಡು ಅಕ್ಷರಗಳಂತೆ ಕಲಿಸಿರಿ. ಬಂದ ಮೇಲೆ ನನಗೆ ಲೆಕ್ಕ ಒಪ್ಪಿಸಬೇಕು," ಎಂದು ಹೇಳಿ ಪುಸ್ತಕವನ್ನು ಮರಳಿ ಕೊಟ್ಟರು. ಬೊಟ್ಟನ್ನು ಒರಸಲಿಲ್ಲ.

ಹೀಗೆ ನಾತಾಳದ ರಜೆಯಲ್ಲಿ ಅಜ್ಜಿಯ ಅಕ್ಷರಾಭ್ಯಾಸವು ಪ್ರಾರಂಭವಾಯಿತು. ಪಾಟಿಯನ್ನು ಹಿಡಿಯಲು ಅವರು ಮೊದಲು ನಾಚಿದುದರಿಂದ, ಅಡಿಗೆಮನೆಯ ಮೊರದಲ್ಲಿ ಅಕ್ಕಿಯನ್ನು ಹರವಿ ಬೆರಳಿನಿಂದ ಬರೆಯಿಸಿದೆವು. ಯಾರಾದರೂ ಬಾಗಿಲಿಗೆ ಬಂದರೆ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ನಟಿಸುತ್ತಿದ್ದರು. ಮೊದಲನೆಯ ವಾರದಲ್ಲಿ ತಮ್ಮ ಹೆಸರನ್ನು ಬರೆದರು. ಎರಡನೆಯ ವಾರದಲ್ಲಿ ಒಂದು ಮಧ್ಯಾಹ್ನ ನಾವು ಕಲಿಸದ ಅಕ್ಷರವೊಂದನ್ನು ಅಕ್ಕಿಯ ಮೇಲೆ ತಾವಾಗಿಯೇ ತಿದ್ದಿ, "ಇದಕ್ಕೆ ಏನನ್ನುವರು?" ಎಂದು ಕೇಳಿದರು. ಸೊಟ್ಟಾಗಿದ್ದರೂ ಅದು ಖಕಾರವೆಂದು ತಿಳಿಯುವಂತಿತ್ತು. ಇದನ್ನು ಎಲ್ಲಿ ನೋಡಿದಿರೆಂದು ಕೇಳಿದ್ದಕ್ಕೆ ಒಳಗೆ ಹೋಗಿ ಪೆಟ್ಟಿಗೆಯ ತಳದ ಕಾಗದವನ್ನು ತಂದು ನಮ್ಮ ಮುಂದೆ ಹಾಸಿದರು. ಮೇಲಿನ ಸಾಲಿನಲ್ಲಿ ಖರೇದಿ ಪತ್ರವೆಂದು ದಪ್ಪಕ್ಷರದಲ್ಲಿ ಬರೆದಿತ್ತು. ಅವರು ಒಂದೊಂದಕ್ಷರದ ಮೇಲೂ ಬೆರಳಿಟ್ಟು, ಕೂಡಿಸಿಕೊಂಡು, ಒಮ್ಮೆ ಮೆಲ್ಲಗೆ, ಒಮ್ಮೆ ಗಟ್ಟಿಯಾಗಿ ಓದಿದರು. ಆಮೇಲೆ ಕಾಗದವನ್ನು ಮೊದಲಿನ ಮಡಿಕೆಗಳ ಮೇಲೆಯೇ ಮಡಚಿ ಒಳಗಿಟ್ಟು ಬಂದು, "ಮುಂದಿನದನ್ನು ಹೇಳಿಕೊಡಿರಿ," ಎಂದರು. ಹಿತ್ತಲಿನ ವಿಷಯವಾಗಿ ಅಂದಾಗಲಿ ಮುಂದಾಗಲಿ ಅವರು ಮಾತೆತ್ತಲಿಲ್ಲ.

ಮರುವರ್ಷದ ನವರಾತ್ರಿಯಲ್ಲಿ ಮಣೆಯ ಮೇಲೆ ಒಂದು ಹೊಸ ಪಾಟಿಯೂ ಕೂಡ್ರಿತು. ಅಷ್ಟರಲ್ಲಿ ಅಜ್ಜಿಯ ನಾಚಿಕೆಯು ಹೋಗಿತ್ತು. ಪೂಜೆ ಮುಗಿದ ಮೇಲೆ ಅವರು ನೆರೆಯ ಹೆಂಗಸರೊಡನೆ ಹೇಳುತ್ತಿದ್ದ ಮಾತು ನಮ್ಮ ಕಿವಿಗೆ ಬಿದ್ದಿತು: "ಏನು ಮಾಡುವದು, ಈ ಸಲ ನಾನೂ ಮೂರು ದಿನ ಓದುವ ಹಾಗಿಲ್ಲ!" ಆ ನಿಯಮವು ಅರುವತ್ತು ವರ್ಷಗಳ ಬಳಿಕ ಮೊದಲನೆಯ ಸಲ ತಮಗೂ ತಾಗಿತೆಂಬುದು ಅವರ ಹೆಚ್ಚಳವಾಗಿತ್ತು.

ಅಜ್ಜಿಯು ಹೋಗಿ ಈಗ ಬಹಳ ಕಾಲವಾಯಿತು. ನಾವೂ ಸಂಸಾರ, ನೌಕರಿ, ಮೊಮ್ಮಕ್ಕಳೆಂದು ನಾಲ್ಕು ಕಡೆಗೆ ಚದರಿಹೋದೆವು. ಕೆಲಸಗಳಿಂದ ಬಿಡುವಾದ ಮೇಲೆ ನಾಲ್ವರೂ ಕೂಡಿ, ಚಿಕ್ಕಂದಿನಲ್ಲಿ ಕಾಣದಿದ್ದ ಸರಸ್ವತಿಯ ಗುಡಿಯನ್ನು ಈಗಲಾದರೂ ಕಂಡುಬರೋಣವೆಂದು ನಿಶ್ಚಯಿಸಿದೆವು.

ಮೊದಲಿಗೆ ಹೋದದ್ದು ಶೃಂಗೇರಿಗೆ. ಆ ಕ್ಷೇತ್ರವನ್ನು ವಾಚಕರಲ್ಲಿ ಅನೇಕರು ನೋಡಿರುವದರಿಂದ ಹೆಚ್ಚಿಗೆ ಬರೆಯುವದಿಲ್ಲ. ಇಂದಿನ ಕಲ್ಲಿನ ಗುಡಿಯ ಪ್ರತಿಷ್ಠೆಯಾದದ್ದು 1916ರಲ್ಲಿ. ಶಾರದೆಯ ಆರಾಧನೆಯು ಅದಕ್ಕಿಂತ ಎಷ್ಟೋ ಹಿಂದಿನದು. ಮೊದಲಿದ್ದ ಮೂರ್ತಿಯು ಶ್ರೀಗಂಧದ್ದಾಗಿತ್ತು, ಈಗಿನ ಚಿನ್ನದ ಮೂರ್ತಿಯು ವಿದ್ಯಾರಣ್ಯರ ಕಾಲದ್ದು ಎಂಬುದು ಅಲ್ಲಿಯ ಪರಂಪರೆ. ನಮ್ಮ ಮನಸ್ಸಿನಲ್ಲಿ ನಿಂತ ಸಂಗತಿಯು ಬೇರೆ. 1791ರಲ್ಲಿ ಮೈಸೂರಿನ ಮೇಲೆ ನಡೆದ ಯುದ್ಧದಲ್ಲಿ ಮರಾಠಾ ದಂಡಿನೊಡನೆ ಬಂದ ಸವಾರರು ಮಠವನ್ನು ಕೊಳ್ಳೆಹೊಡೆದು ಶಾರದೆಯ ಮೂರ್ತಿಯನ್ನು ಸ್ಥಾನದಿಂದ ಕದಲಿಸಿದರು. ಗುರುಗಳು ಕಾರ್ಕಳದಲ್ಲಿ ಆಶ್ರಯಪಡೆಯಬೇಕಾಯಿತು. ಆಗ ಮರುಪ್ರತಿಷ್ಠೆಗೆ ಹಣವನ್ನೂ ದವಸವನ್ನೂ ಕೊಡಿಸಿದವನು ಟಿಪ್ಪು ಸುಲ್ತಾನನು. ಅವನು ಗುರುಗಳಿಗೆ ಬರೆಯಿಸಿದ ಕನ್ನಡ ಕಾಗದಗಳು ಮಠದಲ್ಲಿದ್ದುವು. ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿಯೇ ಅವನ್ನು ಬೆಳಕಿಗೆ ತಂದರು. ಕದಲಿಸಿದವರ ಧರ್ಮವಾವುದು, ನಿಲ್ಲಿಸಲು ನೆರವಾದವನ ಧರ್ಮವಾವುದು ಎಂದು ನಮ್ಮಲ್ಲೊಬ್ಬಳು ಮೆಟ್ಟಿಲ ಮೇಲೆ ಕುಳಿತು ಲೆಕ್ಕ ಹಾಕಹೋಗಿ, ಲೆಕ್ಕವು ತಾಳೆಬೀಳದೆ ಬಿಟ್ಟುಬಿಟ್ಟಳು. ಅಲ್ಲಿ ತಾಯಂದಿರು ಮಕ್ಕಳನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡು ಅಕ್ಕಿಯ ಮೇಲೆ ಓಂಕಾರವನ್ನು ತಿದ್ದಿಸುತ್ತಿದ್ದರು. ಗಂಡುಮಕ್ಕಳಷ್ಟೇ ಹೆಣ್ಣುಮಕ್ಕಳೂ ಇದ್ದರು. ಒಂದು ಹೆಣ್ಣುಕೂಸು ಅಕ್ಷರಗಳನ್ನು ಬಿಟ್ಟು ಅಕ್ಕಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು.

ಆದರೆ ಶೃಂಗೇರಿಯಲ್ಲಿ ಆಕೆಯು ಶಾರದಾಂಬೆ, ಒಂದು ಪೀಠದ ಒಡತಿ. ನಾವು ಹುಡುಕುತ್ತಿದ್ದುದು ಸರಸ್ವತಿಯೆಂಬ ಹೆಸರಿನಿಂದಲೇ ಕಟ್ಟಿದ ಹಳೆಯ ಗುಡಿ. ಅಂಥದೊಂದು ನಮ್ಮ ಘಟ್ಟದ ಮೇಲೆ, ಗದಗದಲ್ಲಿ, ಇದೆಯೆಂದು ತಿಳಿದು ಮರುವರ್ಷ ಅತ್ತ ಹೊರಟೆವು. ಅಂಕೋಲೆಯಿಂದ ಅರಬೈಲು ಘಟ್ಟವನ್ನೇರಿ, ಯಲ್ಲಾಪುರದ ಕಾಡನ್ನು ದಾಟಿ ಹುಬ್ಬಳ್ಳಿಗೆ ಬರುವಷ್ಟರಲ್ಲಿ ನಮ್ಮ ಕೆಂಪು ಮಣ್ಣು ಕಪ್ಪಾಗುವದು; ತೆಂಗು ಅಡಿಕೆಗಳು ಹಿಂದುಳಿದು ಜೋಳ ಹತ್ತಿಗಳು ಕಾಣುವವು. ಹುಬ್ಬಳ್ಳಿಯಿಂದ ಗದಗವು ಅರುವತ್ತು ಕಿಲೋಮೀಟರಿನ ಒಳಗೇ ಇರುವದು.

ಗದಗವೆಂದ ಕೂಡಲೆ ಕನ್ನಡಿಗರಿಗೆ ನೆನಪಾಗುವದು ವೀರನಾರಾಯಣನ ಗುಡಿ. ಕುಮಾರವ್ಯಾಸನು ತನ್ನ ಭಾರತವನ್ನು ಅಲ್ಲಿ ಕಂಬಕ್ಕೊರಗಿ ಕುಳಿತು ಬರೆದನೆಂದು ಹೇಳುವರು. ಜನರು ಅಲ್ಲಿಗೆ ಹೋಗುವರು. ಅಲ್ಲಿಂದ ಬಹಳ ದೂರವಿಲ್ಲದ ತ್ರಿಕೂಟೇಶ್ವರನ ಅಂಗಳಕ್ಕೆ ಬರುವವರು ಕಡಿಮೆ. ತ್ರಿಕೂಟೇಶ್ವರನೆಂದರೆ ಒಂದೇ ಪೀಠದ ಮೇಲೆ ಬ್ರಹ್ಮ ವಿಷ್ಣು ಮಹೇಶ್ವರರ ಮೂರು ಲಿಂಗಗಳು. ಆ ಅಂಗಳದಲ್ಲಿಯೇ ಕಲ್ಯಾಣದ ಚಾಲುಕ್ಯರ ಕಾಲದ, 11-12ನೆಯ ಶತಮಾನಗಳ ಕೆಲಸವಾದ, ಸರಸ್ವತಿಯ ಸಣ್ಣ ಗುಡಿಯಿರುವದು.

ಗುಡಿಯು ಸಣ್ಣದು, ಆದರೆ ಅದರ ಕಂಬಗಳು! ಹೆನ್ರಿ ಕಸಿನ್ಸ್ ಎಂಬ ಪುರಾತತ್ವಜ್ಞರು ಕನ್ನಡ ಜಿಲ್ಲೆಗಳ ಚಾಲುಕ್ಯ ಶಿಲ್ಪವನ್ನು ಕುರಿತು 1926ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಈ ಗುಡಿಗೂ ಎಡೆ ಸಿಕ್ಕಿರುವದು; ನೋಡಿದವರಿಗೆ ಅದು ಆಶ್ಚರ್ಯವೆನಿಸದು. ಕಂಬದ ಬುಡದಿಂದ ತಲೆಯವರೆಗೆ ಅಂಗುಲ ಜಾಗವನ್ನೂ ಖಾಲಿ ಬಿಟ್ಟಿಲ್ಲ. ಪಟ್ಟಿಕೆಯ ಮೇಲೆ ಪಟ್ಟಿಕೆ, ಪುಟ್ಟ ಗೂಡುಗಳು, ಗೂಡಿಗೊಂದು ಬೆರಳುದ್ದದ ಮೂರ್ತಿ, ಅದರ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಮಣಿಸರ. ಒಂದು ಕಂಬವನ್ನು ನೋಡಿ ಮುಗಿಸಲು ನಮಗೆ ಅರ್ಧ ತಾಸು ಹಿಡಿಯಿತು. ನಮ್ಮ ತಾಯಂದಿರ ಒಡವೆಯ ಪೆಟ್ಟಿಗೆಯಲ್ಲಿ ಇದ್ದಿರಬಹುದಾದ ನಮೂನೆಗಳನ್ನೆಲ್ಲ ಅಲ್ಲಿ ಕಲ್ಲಿನಲ್ಲಿ ಕಂಡೆವು. ಇಂಥ ಕುಸುರಿಗೆ ಒದಗುವ ಕಲ್ಲು ಯಾವದೆಂದರೆ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುವ ಈ ಕಲ್ಲನ್ನು ಚಾಲುಕ್ಯ ಶಿಲ್ಪಿಗಳು ಯಂತ್ರಕ್ಕೆ ಕೊಟ್ಟು ತಿರುಗಿಸಿ ಕಂಬಗಳ ಹುರಿಯನ್ನು ನಯಮಾಡುತ್ತಿದ್ದರು. ಮಕ್ಕಳು ಪಾಟಿಯ ಮೇಲೆ ಬರೆಯುವ ಬಳಪಕ್ಕೂ ಆ ಹೆಸರೇ. ವಿದ್ಯಾದೇವಿಯ ಗುಡಿಗೆ ಇದಕ್ಕಿಂತ ಒಪ್ಪುವ ಕಲ್ಲು ಇನ್ನಾವದು?

ಒಳಗೆ ದೇವಿಯು ಕುಳಿತಿರುವಳು, ಮೂರ್ತಿಯು ಭಗ್ನವಾಗಿರುವದು. ಭಗ್ನವಾದ ಮೂರ್ತಿಯನ್ನು ಪೂಜಿಸಬಾರದೆಂಬುದು ಶಾಸ್ತ್ರ. ಪಕ್ಕದಲ್ಲಿ ತ್ರಿಕೂಟೇಶ್ವರನಿಗೆ ಗಂಟೆ ಬಾರಿಸುವ ಸದ್ದು ಕೇಳಿಬರುತ್ತಿದ್ದಿತು. ಇಲ್ಲಿ ಮಾತ್ರ ಒಂದು ಎಳೆ ಬತ್ತಿಯೂ ಇರಲಿಲ್ಲ. ಮುರಿಯದೆ ಉಳಿದಿರುವ ಭಾಗದಲ್ಲಿ ಶಿಲ್ಪಿಯ ಉಳಿಯು ಎಷ್ಟು ಪ್ರೀತಿಯಿಂದ ಓಡಾಡಿರುವದೆಂಬುದನ್ನು ನೋಡಿದಾಗ ನಮಗೆ ದುಃಖಕ್ಕಿಂತ ಸಿಟ್ಟೇ ಬಂದಿತು. ಶೃಂಗೇರಿಯ ದೇವಿಯನ್ನು ಮತ್ತೆ ನಿಲ್ಲಿಸಲು ಒಬ್ಬ ಅರಸನಿಗೆ ಕಾಗದ ಬರೆಯುವ ಗುರುವಿದ್ದನು, ಕಾಗದವನ್ನು ಓದಿ ಹಣ ಕಳಿಸುವ ಅರಸನಿದ್ದನು. ಗದಗದ ದೇವಿಗೆ ಆ ಭಾಗ್ಯವು ಒದಗಲಿಲ್ಲ. ನಮ್ಮಲ್ಲಿ ಹಿರಿಯಳಾದವಳು ಬಾಳೆಯ ಎಲೆಯಲ್ಲಿ ಕಟ್ಟಿಸಿಕೊಂಡು ಬಂದಿದ್ದ ಸೇವಂತಿಗೆಯನ್ನು ಏನು ಮಾಡುವದೆಂದು ತಿಳಿಯದೆ ಕೈಯಲ್ಲಿಯೇ ಹಿಡಿದುಕೊಂಡಿದ್ದಳು. ಕಡೆಗೆ ಕಂಬದ ಬುಡದಲ್ಲಿ ಇಟ್ಟಳು.

ಈ ಅಂಗಳವು ಒಂದು ಕಾಲದಲ್ಲಿ ಹೀಗೆ ನಿಶ್ಶಬ್ದವಾಗಿರಲಿಲ್ಲ. ತ್ರಿಕೂಟೇಶ್ವರನ ಸ್ಥಾನವು ಕಾಳಾಮುಖ ಗುರುಗಳ ಕೈಯಲ್ಲಿದ್ದು ವಿದ್ಯೆಗೆ ಹೆಸರಾಗಿತ್ತು. ಹೊಯ್ಸಳ ವೀರಬಲ್ಲಾಳನ 1192ರ ಶಾಸನವು ಇಲ್ಲಿಯ ಆಚಾರ್ಯನಾದ ಸಿದ್ಧಾಂತಿ ಚಂದ್ರಭೂಷಣ ಪಂಡಿತನ ಪಾಂಡಿತ್ಯವನ್ನು ಬಹುವಾಗಿ ಹೊಗಳುವದು. ಆ ಕಾಲದ ಗುಡಿಯೆಂದರೆ ಪೂಜೆಯ ಸ್ಥಳವೊಂದೇ ಅಲ್ಲ, ಶಾಲೆಯೂ ಅಹುದು. ಕಲಬುರ್ಗಿಯ ಸೀಮೆಯ ನಾಗಾವಿಯ 1058ರ ಶಾಸನದಲ್ಲಿ ಅಲ್ಲಿಯ ಘಟಿಕಾಸ್ಥಾನದ ವೇದ ಶಾಸ್ತ್ರಗಳ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಬಿಟ್ಟ ಭೂಮಿಯ ವಿವರವುಂಟು. ಅವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರ ಹೆಸರೂ ಉಂಟು. ಸರಸ್ವತೀ ಭಂಡಾರವೆಂದರೆ ಪುಸ್ತಕ ಭಂಡಾರ. ಭಂಡಾರಿಗನೆಂದರೆ ಪುಸ್ತಕಗಳನ್ನು ಕಾಯುವವನು. ಅರಸರು ಚಿನ್ನಕ್ಕೆ ಭಂಡಾರಿಯನ್ನಿಟ್ಟಂತೆ ಗರಿಗಳಿಗೂ ಭಂಡಾರಿಯನ್ನಿಟ್ಟು ಅವನಿಗೆ ದೇವಿಯ ಹೆಸರನ್ನೇ ಬಿರುದಾಗಿ ಕೊಟ್ಟದ್ದು ನಮ್ಮ ನಾಡಿನವರ ರಸಿಕತೆಯೆಂದು ನಾವೆಣಿಸುವೆವು. ಆದರೆ ವೇದ ಶಾಸ್ತ್ರಗಳನ್ನು ಹೇಳಿಕೊಡುವ ಆ ಶಾಲೆಗಳು ಗಂಡುಮಕ್ಕಳವು. ಹೆಣ್ಣುರೂಪದ ದೇವಿಯನ್ನು ಕೂಡ್ರಿಸಿ, ಹೆಣ್ಣುಮಕ್ಕಳನ್ನು ಹೊರಗೆ ನಿಲ್ಲಿಸಿ, ಒಳಗೆ ಪಾಠ ನಡೆಯುತ್ತಿದ್ದುದು ಒಂದು ದಿನದ ಮಾತಲ್ಲ. ನಮ್ಮ ಮುಂಬಯಿ ಇಲಾಖೆಯಲ್ಲಿ ಜೋತೀರಾವ ಫುಲೆಯವರೂ ಸಾವಿತ್ರೀಬಾಯಿಯವರೂ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದದ್ದು 1848ರಲ್ಲಿ. ಆ ಬಾಯಿಯವರು ಶಾಲೆಗೆ ಹೋಗುವಾಗ ಜನರು ಸೆಗಣಿಯನ್ನು ಎರಚುತ್ತಿದ್ದರೆಂದೂ, ಅದಕ್ಕಾಗಿ ಅವರು ಇನ್ನೊಂದು ಸೀರೆಯನ್ನು ಜೊತೆಗೆ ಒಯ್ಯುತ್ತಿದ್ದರೆಂದೂ ಹೇಳುವರು. ಎರಚಿದ ಕೈಗಳೇ ಮನೆಗೆ ಹೋಗಿ ನವರಾತ್ರಿಯಲ್ಲಿ ಪುಸ್ತಕಗಳಿಗೆ ಹೂವೇರಿಸಿರಬೇಕು.

ಇದನ್ನೇ ಮಾತಾಡಿಕೊಳ್ಳುತ್ತ ಮರುದಿನ ಬೆಳಿಗ್ಗೆ ಲಕ್ಕುಂಡಿಗೆ ಹೋದೆವು. ಗದಗದಿಂದ ಅದು ಸುಮಾರು 12 ಕಿಲೋಮೀಟರು. ಊರ ತುಂಬ ಹಳೆಯ ಗುಡಿಗಳು, ಬಸದಿಗಳು, ಮೆಟ್ಟಿಲಿನ ಬಾವಿಗಳು. ನಾವು ನೋಡಬೇಕೆಂದದ್ದು ಬ್ರಹ್ಮಜಿನಾಲಯವನ್ನು. ಏಕೆಂದರೆ ಅದನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. 1007ರ ಶಾಸನವು ಆಕೆಯ ಈ ಕಾರ್ಯವನ್ನು ಹೇಳುವದು.

ಅತ್ತಿಮಬ್ಬೆಯ ಕಥೆಯನ್ನು ಪಾಠದ ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಓದಿ ಮರೆತವರೇ ಹೆಚ್ಚು. ಆಕೆಯೂ ತಂಗಿ ಗುಂಡಮಬ್ಬೆಯೂ ನಾಗದೇವನೆಂಬ ಒಬ್ಬನೇ ವೀರನನ್ನು ಮದುವೆಯಾದವರು. ನಾಗದೇವನು ತೀರಿದಾಗ ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಯು ಮಗನಾದ ಅಣ್ಣಿಗದೇವನನ್ನು ಸಾಕಲು ಉಳಿದಳು. ಉಳಿದವಳು ಏನು ಮಾಡಿದಳು? ರನ್ನ ಕವಿಗೆ ಆಶ್ರಯವನ್ನು ಕೊಟ್ಟು ಅಜಿತಪುರಾಣವನ್ನು ಬರೆಯಿಸಿದಳು; ಅದು 993ರಲ್ಲಿ ಮುಗಿಯಿತು. ಪೊನ್ನ ಕವಿಯ ಶಾಂತಿಪುರಾಣವು ಅಳಿದುಹೋಗಬಾರದೆಂದು ಅದರ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರವಿರದ ಕಾಲದಲ್ಲಿ ಸಾವಿರ ಪ್ರತಿಯೆಂದರೇನೆಂಬುದನ್ನು ನಾವು ಬಸದಿಯ ನೆರಳಿನಲ್ಲಿ ಕುಳಿತು ಯೋಚಿಸಿದೆವು. ತಾಳೆಯ ಗರಿಗಳನ್ನು ಕೊಯ್ದು, ಹದಮಾಡಿ, ಒಂದಳತೆಗೆ ಕತ್ತರಿಸಬೇಕು. ಕಬ್ಬಿಣದ ಕಂಠದಿಂದ ಒಂದೊಂದಕ್ಷರವನ್ನೂ ಗರಿ ಹರಿಯದಂತೆ ಕೊರೆಯಬೇಕು. ಕೊರೆದದ್ದು ಕಾಣುವಂತೆ ಮಸಿ ಸವರಿ ಒರಸಬೇಕು. ತೂತು ಕೊರೆದು ದಾರ ಪೋಣಿಸಿ ಹಲಗೆ ಕಟ್ಟಬೇಕು. ಒಂದು ಪ್ರತಿಗೆ ಒಬ್ಬ ಲಿಪಿಕಾರನ ಎಷ್ಟು ದಿನಗಳು ಬೇಕು, ಸಾವಿರಕ್ಕೆ ಎಷ್ಟು ಕೈಗಳು, ಎಷ್ಟು ಊಟಗಳು! ಕಲ್ಲಿನ ಬಸದಿಯನ್ನು ಕಟ್ಟಿಸಿದ ಅರಸಿಯರು ನಾಡಿನಲ್ಲಿ ಬೇಕಾದಷ್ಟು ಮಂದಿ ಆಗಿಹೋಗಿರುವರು. ಗರಿಗಳಿಗಾಗಿ ಹೀಗೆ ಹಣವನ್ನು ಸುರಿದವಳು ನಮಗೆ ತಿಳಿದಂತೆ ಈಕೆಯೊಬ್ಬಳೇ. ತಂಗಿಯು ಬೆಂಕಿಗೆ ಹೋದಳು, ಅಕ್ಕನು ಸಾವಿರ ಪುಸ್ತಕಗಳನ್ನು ಬರೆಯಿಸಿದಳು. ಒಂದೇ ಮನೆಯ ಈ ಇಬ್ಬರನ್ನು ಕುರಿತು ನಮ್ಮಲ್ಲಿ ಬಹಳ ಹೊತ್ತು ವಾದ ನಡೆಯಿತು. ಒಬ್ಬಳು ಗುಂಡಮಬ್ಬೆಯ ಪಕ್ಷವನ್ನೂ ವಹಿಸಿದಳು; ಆಕೆಗೆ ಬೇರೆ ದಾರಿಯನ್ನು ಯಾರಾದರೂ ತೋರಿಸಿದ್ದರೋ ಎಂಬುದು ಅವಳ ಪ್ರಶ್ನೆಯಾಗಿತ್ತು. ಆ ವಾದವು ಈಗಲೂ ನಮ್ಮೊಳಗೆ ತೀರಿಲ್ಲ. ಕಾಗದಗಳಲ್ಲಿ ನಡೆದೇ ಇದೆ.

ಗದಗದ ಗುಡಿಯನ್ನು ನೋಡಿ ಸಪ್ಪಗಾಗಿದ್ದ ನಮಗೆ ಲಕ್ಕುಂಡಿಯಲ್ಲಿ ಹಸಿವೆಯೂ ಮರಳಿತು. ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ಟಿಣಿಗಳನ್ನು ಗಿಡದ ಕೆಳಗೆ ಬಿಚ್ಚಿ ಉಂಡೆವು. ಮೀನಿಲ್ಲದ ಊಟವೂ ಊಟವೇ ಎಂದು ಕೋಡಿಬಾಗದವರು ಒಪ್ಪಿಕೊಂಡದ್ದು ಅದೇ ಮೊದಲು.

ಮಾಜಿ ವಿದ್ಯಾರ್ಥಿನಿಯರಲ್ಲಿ ಆ ಕಡೆಗೆ ಹೋಗುವವರಿದ್ದರೆ ಎರಡು ಊರುಗಳನ್ನೂ ಒಂದೇ ಸಲ ನೋಡಿಕೊಂಡು ಬರಬೇಕೆಂದು ನಮ್ಮ ಬಿನ್ನಹ. ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವ ಪಾಲಕರು ಕಂಬಗಳ ಮುಂದೆ ಅವಸರ ಮಾಡಬಾರದು. ಕೈಯಲ್ಲಿ ಒಂದು ದುರ್ಬೀನು ಇದ್ದರೆ ಒಳ್ಳೆಯದು.

ಹೊರಡುವ ಮೊದಲು ಬಸದಿಯ ಬಳಿಯಲ್ಲಿದ್ದ ಒಂದು ಶಾಸನದ ಕಲ್ಲಿನ ಮುಂದೆ ನಾಲ್ವರೂ ಕುಳಿತು ಹಳಗನ್ನಡದ ಅಕ್ಷರಗಳನ್ನು ಬಿಡಿಸಲೆತ್ನಿಸಿದೆವು. ಸಾವಿರ ವರ್ಷಗಳಲ್ಲಿ ಅಕ್ಷರಗಳ ಮೈಕಟ್ಟು ಬದಲಾಗಿರುವದು. ತಲೆಕಟ್ಟು ಒಂದು ಬಗೆ, ಒತ್ತಕ್ಷರ ಒಂದು ಬಗೆ. ಗುರುತು ಹತ್ತಿದ್ದು ರಕಾರ, ನಕಾರ, ಒಂದು ಮಕಾರ. ಅಷ್ಟರಲ್ಲಿ ಊರ ಶಾಲೆಯು ಬಿಟ್ಟಿತು. ಚೀಲಗಳನ್ನು ಬೆನ್ನಿಗೆ ಹಾಕಿಕೊಂಡ ಐದಾರು ಹುಡುಗಿಯರು ಬಂದು ನಮ್ಮ ಸುತ್ತಲೂ ನಿಂತರು. ಅವರಲ್ಲಿ ಒಬ್ಬಳು, "ಅಜ್ಜಿ, ಅದು ಮ ಅಲ್ಲರೀ, ಯ," ಎಂದು ನಮ್ಮನ್ನು ತಿದ್ದಿ, ಕಲ್ಲಿನ ಮುಂದೆ ಮೊಣಕಾಲೂರಿ ಕುಳಿತು, ಮುಂದಿನ ಅಕ್ಷರದ ಧೂಳನ್ನು ಅಂಗೈಯಿಂದ ಒರಸತೊಡಗಿದಳು.